ಮಾವನಿಗೆ ನೀರು ಕುಡಿದರೂ ನೆತ್ತಿಗೆ ಹತ್ತುತ್ತದೆ, ಮೂಗಿಗೆ ಪೈಪ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. ಮಾವನವರಿಗೆ 74 ವರ್ಷ, 8 ವರ್ಷದಿಂದ ಪಾರ್ಕಿನ್ಸನ್ ಇದೆ. ಮೂರ್ನಾಲ್ಕು ತಿಂಗಳಿಂದ ನೀರು, ಕಾಫಿ ಕುಡಿದ ತಕ್ಷಣ ಕೆಮ್ಮು ಶುರುವಾಗುತ್ತದೆ. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬರುತ್ತದೆ. ಅತ್ತೆ ನೆತ್ತಿ ತಟ್ಟಿ ಇನ್ನಷ್ಟು ನೀರು ಕುಡಿಸುತ್ತಾರೆ. ಹೋದ ವಾರ ಮುದ್ದೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಮಾತೇ ನಿಂತುಹೋಗಿತ್ತು, ಹೇಗೋ ಹೊರಗೆ ಬಂತು. ರಾತ್ರಿ ದಿಂಬು ನೆನೆಯುವಷ್ಟು ಜೊಲ್ಲು, ನಿದ್ದೆಯಲ್ಲೂ ಕೆಮ್ಮು. ಮೆಡಿಕಲ್ ಶಾಪಿನಿಂದ ಕೆಮ್ಮಿನ ಸಿರಪ್ ತಂದು ಕೊಟ್ಟೆವು, ಏನೂ ಪ್ರಯೋಜನವಾಗಲಿಲ್ಲ. ನಮ್ಮ ಯಜಮಾನರು ಇನ್ನು ಗಂಜಿ ಮಾತ್ರ ಕೊಡು ಎನ್ನುತ್ತಾರೆ. ನಾದಿನಿ ಮೂಗಿಗೆ ಪೈಪ್ ಹಾಕಿಸೋಣ ಎನ್ನುತ್ತಾರೆ. ಮಾವನಿಗೆ ಮಾತ್ರ ಮುದ್ದೆ ಬೇಕು, ಕಾಫಿ ಬೇಕು. ಅಡುಗೆ ಮಾಡುವವಳು ನಾನು, ತಿನ್ನಿಸುವವಳೂ ನಾನೇ. ನನ್ನ ಕೈಯಿಂದಲೇ ಏನಾದರೂ ಆಗಿಬಿಟ್ಟರೆ ಅಂತ ಭಯ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ. ಮಾವನವರ ಕೆಮ್ಮಿಗೆ ಕಾರಣ ನಿಮ್ಮ ಅಡುಗೆಯೂ ಅಲ್ಲ, ನಿಮ್ಮ ಕೈಯೂ ಅಲ್ಲ. ಪಾರ್ಕಿನ್ಸನ್ ಅಂದರೆ ಮೈಯನ್ನು ಬಿಗಿದು ಚಲನೆಯನ್ನು ನಿಧಾನ ಮಾಡುವ ನರರೋಗ. ಅವರ ಕೈಕಾಲಿಗೆ ಮಾಡಿದ್ದನ್ನೇ ಅದು ಈಗ ಗಂಟಲಿಗೂ ಮಾಡುತ್ತಿದೆ. ನಾನು ನುಂಗುವ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್. ಪಾರ್ಕಿನ್ಸನ್ ಇರುವವರನ್ನು ಕರೆದುಕೊಂಡು ಬರುವ ಸೊಸೆಯಂದಿರು, ಹೆಂಡತಿಯರು ಹೆಚ್ಚಿನವರು ಇದೇ ಭಯ ಹೊತ್ತು ಬರುತ್ತಾರೆ. ಆ ಭಯದಲ್ಲಿ ಊಟ ಕಡಿಮೆ ಮಾಡುತ್ತಾರೆ, ನೀರು ಕಡಿಮೆ ಮಾಡುತ್ತಾರೆ. ಹಾಗೆ ಮಾಡಿದರೆ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ.

ತಕ್ಷಣಕ್ಕೆ ಬೇಕಾದದ್ದನ್ನು ಹೇಳಿಬಿಡುತ್ತೇನೆ. ಮುದ್ದೆಯನ್ನು ತುತ್ತು ಮುರಿದು ನುಂಗುವುದು ಇವತ್ತಿಗೇ ನಿಲ್ಲಲಿ. ಕೆಮ್ಮಿನ ಸಿರಪ್ ಬೇಡ. ನೀರು ನಿಲ್ಲಿಸಬೇಡಿ, ಕುಡಿಸುವ ರೀತಿ ಬದಲಿಸಿ. ಬರೀ ಗಂಜಿಗೆ ಇಳಿಸುವುದು ಬೇಡ. ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ಪೈಪಿನ ತೀರ್ಮಾನಕ್ಕೆ ಈಗ ಅವಸರವಿಲ್ಲ. ಆದರೆ ಒಮ್ಮೆ ಮಾತು ನಿಲ್ಲುವಷ್ಟು ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿದೆ ಅಂದಮೇಲೆ ನುಂಗುವ ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಅಂತ ದೂಡಬೇಡಿ.

ಗಂಟಲಲ್ಲಿ ಏನಾಗುತ್ತಿದೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ನಿಮ್ಮ ಗಂಟಲಿನ ಮುಂಭಾಗದ ಉಬ್ಬಿನ ಮೇಲೆ ಎರಡು ಬೆರಳಿಟ್ಟು ಒಮ್ಮೆ ಎಂಜಲು ನುಂಗಿ. ಅದು ಮೇಲಕ್ಕೆ ಎಗರಿ ಕೆಳಗೆ ಬರುತ್ತದೆ ಅಲ್ವಾ? ಹಾಗೆ ಮೇಲೆ ಹೋದಾಗಲೇ ಉಸಿರಿನ ದಾರಿ ಮುಚ್ಚಿಕೊಳ್ಳುವುದು. ಹೆಚ್ಚುಕಡಿಮೆ ಒಂದು ಸೆಕೆಂಡ್ ಉಸಿರು ನಿಲ್ಲುತ್ತದೆ, ಊಟ ಹಿಂದಿನ ಅನ್ನನಾಳಕ್ಕೆ ಜಾರುತ್ತದೆ. ಗಾಳಿಗೂ ಊಟಕ್ಕೂ ಗಂಟಲವರೆಗೆ ದಾರಿ ಒಂದೇ. ಹಾಗಾಗಿ ಎಲ್ಲವೂ ಸರಿಯಾದ ಗಳಿಗೆಗೆ ನಡೆಯಬೇಕು. ಪಾರ್ಕಿನ್ಸನ್‌ನಲ್ಲಿ ಈ ಗಳಿಗೆ ತಪ್ಪುತ್ತದೆ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಲು ನಿಧಾನ ಮಾಡುತ್ತದೆ. ಗಂಟಲು ತಡವಾಗಿ, ಅರ್ಧಂಬರ್ಧ ಮೇಲೇರುತ್ತದೆ. ನೀರು ಮಾತ್ರ ಕಾಯುವುದಿಲ್ಲ. ಎಲ್ಲಕ್ಕಿಂತ ಬೇಗ ಓಡುವುದು ಅದೇ, ದಾರಿ ಮುಚ್ಚುವ ಮೊದಲೇ ಶ್ವಾಸನಾಳದ ಬಾಯಿಗೆ ಬಂದಿರುತ್ತದೆ. ಅನ್ನ ನುಂಗುವವರಿಗೆ ನೀರಿನಲ್ಲೇ ಕೆಮ್ಮು ಬರುವುದು ಇದಕ್ಕೆ. ನೀರು ಎಲ್ಲಕ್ಕಿಂತ ಸುಲಭ ಅಂತ ನಾವೆಲ್ಲ ನಂಬಿದ್ದೇವೆ. ಇವರ ಗಂಟಲಿಗೆ ಅದೇ ಎಲ್ಲಕ್ಕಿಂತ ಕಷ್ಟ.

ಇನ್ನು ಕೆಮ್ಮಿನ ವಿಷಯ. ತಪ್ಪು ದಾರಿಗೆ ಹೋದದ್ದನ್ನು ಹೊರಗೆ ಹಾಕುವುದು ಕೆಮ್ಮು. ಅದನ್ನು ಔಷಧಿ ಕೊಟ್ಟು ಮಲಗಿಸಿದರೆ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವು ಸಿರಪ್‌ಗಳಿಂದ ಮಂಪರು ಬೇರೆ ಬರುತ್ತದೆ, ಮಂಪರಿನಲ್ಲಿ ನುಂಗುವುದು ಇನ್ನೂ ಕೆಡುತ್ತದೆ. ನಮಗೆ ನಿಜವಾದ ಭಯ ಇರುವುದು ಕೆಮ್ಮು ಇಲ್ಲದವರ ಬಗ್ಗೆ. ಪಾರ್ಕಿನ್ಸನ್ ಮುಂದುವರಿದಂತೆ ಗಂಟಲಿನ ಅರಿವೂ ಕಡಿಮೆಯಾಗುತ್ತದೆ. ಆಗ ಕುಡಿದದ್ದು ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. "ಈಗ ಪರವಾಗಿಲ್ಲ, ಕೆಮ್ಮು ನಿಂತಿದೆ" ಅಂತ ಮನೆಯವರು ಸಂತೋಷಪಡುವ ಹೊತ್ತಿಗೆ ನ್ಯುಮೋನಿಯಾ ಬಂದಿರುತ್ತದೆ. ಪಾರ್ಕಿನ್ಸನ್ ಇರುವವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಹಾಗಾಗಿ ಕೆಮ್ಮು ಎಷ್ಟು ಸಲ ಬಂತು ಅಂತ ಎಣಿಸುವುದಕ್ಕಿಂತ ಬೇರೆ ಕೆಲವು ಗುರುತು ನೋಡಿ. ಕುಡಿದ ಮೇಲೆ ಒಮ್ಮೆ "ಆ..." ಅನ್ನಿಸಿ. ದನಿ ನೀರಿನಲ್ಲಿ ಗುಳುಗುಳು ಅಂದಂತೆ ಕೇಳಿದರೆ ಗಂಟಲಲ್ಲಿ ಏನೋ ನಿಂತಿದೆ ಅಂತ ಅರ್ಥ. ಊಟ ಅರ್ಧ ಗಂಟೆ ದಾಟುತ್ತಿದೆಯಾ? ತೂಕ ಇಳಿಯುತ್ತಿದೆಯಾ? ಸಂಜೆ ಹೊತ್ತು ಸಣ್ಣ ಜ್ವರ ಬರುತ್ತದೆಯಾ? ಉಸಿರು ಜೋರಾಗಿದೆಯಾ? ವಯಸ್ಸಾದವರಲ್ಲಿ ನ್ಯುಮೋನಿಯಾ ಕೆಲವೊಮ್ಮೆ ಜ್ವರವೇ ಇಲ್ಲದೆ ಬರುತ್ತದೆ. ಸುಮ್ನೆ ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ, ಊಟ ಬೇಡ ಎನ್ನುತ್ತಾರೆ. ಆ ದಿನವೇ ಆಸ್ಪತ್ರೆಗೆ ಹೋಗಿ.

ಎಲ್ಲ ಕೆಮ್ಮನ್ನೂ ಪಾರ್ಕಿನ್ಸನ್ ತಲೆಗೆ ಕಟ್ಟುವುದೂ ಸರಿಯಲ್ಲ. ಬಿಪಿಗೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಂದ ಒಣ ಕೆಮ್ಮು ಬರಬಹುದು. ಹೊಟ್ಟೆಯ ಹುಳಿ ಮೇಲೆ ಬಂದರೆ ಮಲಗಿದಾಗ ಕೆಮ್ಮು ಬರುತ್ತದೆ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ನಮ್ಮಲ್ಲಿ ಟಿಬಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಮ್ಮ ಮಾವನವರಿಗೆ ಕುಡಿದ ತಕ್ಷಣ ಬರುವ ಕೆಮ್ಮು ನುಂಗುವ ತೊಂದರೆಯದ್ದೇ ಅನ್ನಿಸುತ್ತದೆ. ರಾತ್ರಿಯದ್ದರಲ್ಲಿ ಜೊಲ್ಲಿನದೂ ಹೊಟ್ಟೆಹುಳಿಯದೂ ಪಾಲಿರಬಹುದು.

ಅತ್ತೆಯವರಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬಾರದು. ನೆತ್ತಿ ತಟ್ಟುವುದರಿಂದ ಗಂಟಲಿಗೆ ಏನೂ ಆಗುವುದಿಲ್ಲ. ಆದರೆ ಕೆಮ್ಮುವಾಗ ನೀರು ಕುಡಿಸಿದರೆ ಅಪಾಯ. ಆಗಲೇ ತಪ್ಪು ದಾರಿಯಲ್ಲಿರುವುದರ ಹಿಂದೆ ಇನ್ನಷ್ಟು ನೀರು ಹೋಗುತ್ತದೆ. ಕೆಮ್ಮುತ್ತಿರುವವರನ್ನು ಮುಂದಕ್ಕೆ ಬಾಗಿಸಿ, ಬಾಯಲ್ಲಿ ಉಳಿದದ್ದನ್ನು ಉಗಿಯಲು ಹೇಳಿ, ಕೆಮ್ಮಲು ಬಿಡಿ. "ಜೋರಾಗಿ ಕೆಮ್ಮಿ" ಅಂತ ಹೇಳಿ. ಪಾರ್ಕಿನ್ಸನ್‌ನಲ್ಲಿ ದನಿ ಸಣ್ಣಗಾದಂತೆ ಕೆಮ್ಮೂ ಸಣ್ಣಗಾಗಿರುತ್ತದೆ, ಹೇಳಿದರೆ ಬಲ ಹಾಕುತ್ತಾರೆ. ಕೆಮ್ಮು ನಿಂತ ಮೇಲೆ ಒಂದೆರಡು ಸಲ ಬರೀ ಎಂಜಲು ನುಂಗಲಿ. ಉಸಿರು ಸಮವಾದ ಮೇಲೆಯೇ ಮುಂದಿನ ತುತ್ತು.

ಹೋದ ವಾರ ಆದದ್ದು ಬೇರೆ. ಮಾತು ಬರುತ್ತಿಲ್ಲ, ಕೆಮ್ಮಿನ ಸದ್ದೂ ಇಲ್ಲ, ಕೈ ಗಂಟಲಿಗೆ ಹೋಗಿದೆ, ತುಟಿ ನೀಲಿಯಾಗುತ್ತಿದೆ ಅಂದರೆ ದಾರಿ ಪೂರ್ತಿ ಕಟ್ಟಿದೆ. ಇದನ್ನು ಮನೆಯಲ್ಲಿ ಎಲ್ಲರೂ ಕಲಿತಿರಬೇಕು. ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ಎದೆಗೆ ಆಸರೆ ಕೊಟ್ಟು ಅವರನ್ನು ಚೆನ್ನಾಗಿ ಮುಂದಕ್ಕೆ ಬಾಗಿಸಿ. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲಮೂಳೆಗಳ ನಡುವೆ ಬಲವಾಗಿ 5 ಸಲ ಹೊಡೆಯಿರಿ. ಮೆಲ್ಲಗೆ ಸವರುವುದಲ್ಲ, ಹೊಡೆಯುವುದು. ಹೊರಗೆ ಬರದಿದ್ದರೆ ಹಿಂದೆ ನಿಂತು, ಸೊಂಟ ಬಳಸಿ, ಹೊಕ್ಕುಳಿಗೂ ಎದೆಮೂಳೆಗೂ ನಡುವೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಜೋರಾಗಿ 5 ಸಲ ಎಳೆಯಿರಿ. ಮತ್ತೆ ಬೆನ್ನಿಗೆ 5, ಮತ್ತೆ ಹೊಟ್ಟೆಗೆ 5. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು ಶುರುಮಾಡಿ, 108 ಬರುವವರೆಗೆ ನಿಲ್ಲಿಸಬೇಡಿ. ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಬಾಯಿಂದ ತುತ್ತು ತೆಗೆಯಿರಿ. ಕಾಣದೆ ಬೆರಳು ಹಾಕಿ ತಡಕಿದರೆ ಇನ್ನೂ ಒಳಗೆ ಹೋಗುತ್ತದೆ. ಹೊಟ್ಟೆ ಎಳೆದು ತುತ್ತು ಹೊರಬಂದಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ, ಒಳಗೆ ಪೆಟ್ಟಾಗಿರಬಹುದು.

ಈಗ ಊಟದ ಕಡೆಗೆ ಬರೋಣ. ಮೊದಲು ಕೂರುವ ರೀತಿ. ಹಾಸಿಗೆಯಲ್ಲಿ ಒರಗಿಸಿ ತಿನ್ನಿಸಬೇಡಿ. ಕುರ್ಚಿಯಲ್ಲಿ ನೇರ ಕೂರಲಿ, ಪಾದ ನೆಲಕ್ಕೆ ತಾಗಲಿ. ನೀವೂ ಎದುರಿಗೆ ಕೂತು ತಿನ್ನಿಸಿ. ನೀವು ನಿಂತರೆ ಅವರು ತಲೆ ಎತ್ತಿ ನಿಮ್ಮನ್ನು ನೋಡುತ್ತಾರೆ. ತಲೆ ಹಿಂದಕ್ಕೆ ಹೋದಾಗ ಉಸಿರಿನ ದಾರಿ ಹೆಚ್ಚು ತೆರೆದುಕೊಳ್ಳುತ್ತದೆ. ನಮ್ಮ ಕಡೆಯ ಹಿರಿಯರು ತುಟಿ ತಾಗಿಸದೆ ಲೋಟ ಎತ್ತಿ ಗಂಟಲಿಗೆ ಸುರಿದುಕೊಳ್ಳುತ್ತಾರಲ್ಲ, ಅದು ಇವರಿಗೆ ಖಂಡಿತ ಆಗದು. ಸಣ್ಣ ಬಾಯಿಯ ಸ್ಟೀಲ್ ಲೋಟವೂ ಬೇಡ. ಅದರ ತಳದ ಕಾಫಿ ಮುಗಿಸಲು ತಲೆ ಹಿಂದಕ್ಕೆ ಹೋಗಲೇಬೇಕು. ಅಗಲ ಬಾಯಿಯ ಕಪ್ಪಿನಲ್ಲಿ ಕೊಡಿ, ಅರ್ಧ ಖಾಲಿಯಾದಾಗ ಮತ್ತೆ ತುಂಬಿಸಿ. ಚಮಚದಲ್ಲಿ ಕೊಟ್ಟರೆ ಒಂದು ಟೀ ಚಮಚ, ಅಂದರೆ 5 ಎಂಎಲ್. ಒಂದು ಗುಟುಕು, ಅದು ಹೋದ ಮೇಲೆ ಇನ್ನೊಂದು ಖಾಲಿ ನುಂಗು, ಆಮೇಲೆ ಮುಂದಿನ ಗುಟುಕು. ಟಿವಿ ಆಫ್ ಇರಲಿ. ಬಾಯಲ್ಲಿ ತುತ್ತಿರುವಾಗ ಯಾರೂ ಅವರನ್ನು ಮಾತಾಡಿಸಬೇಡಿ. ಊಟ ಮುಗಿದ ಮೇಲೆ ಅರ್ಧ ಗಂಟೆ ಕೂತೇ ಇರಲಿ.

ಗದ್ದ ಎದೆಗೆ ತಾಗಿಸಿ ನುಂಗಿಸಿ ಅಂತ ಯಾರಾದರೂ ನಿಮಗೆ ಹೇಳಿರಬಹುದು. ಕೆಲವರಿಗೆ ಅದರಿಂದ ನಿಜಕ್ಕೂ ಅನುಕೂಲ, ಕೆಲವರಿಗೆ ಇನ್ನೂ ಕಷ್ಟ. ಪರೀಕ್ಷೆಯಲ್ಲಿ ನೋಡದೆ ಅದನ್ನು ನಿಯಮ ಮಾಡಿಕೊಳ್ಳಬೇಡಿ.

ಊಟದ ಹೊತ್ತನ್ನು ಮಾತ್ರೆಗೆ ಹೊಂದಿಸಿ. ಪಾರ್ಕಿನ್ಸನ್‌ಗೆ ಕೊಡುವ ಸಿಂಡೋಪಾ ತರಹದ ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಟ್ಟರೆ, ತಟ್ಟೆ ಮುಂದೆ ಬರುವ ಹೊತ್ತಿಗೆ ಮೈ ಸಡಿಲವಾಗಿರುತ್ತದೆ. ಅದರಿಂದ ಎಲ್ಲರ ನುಂಗುವಿಕೆಯೂ ಸರಿಹೋಗುತ್ತದೆ ಅಂತ ಹೇಳಲಾರೆ. ಆದರೆ ನೇರ ಕೂರುವುದು, ಎಚ್ಚರವಾಗಿರುವುದು, ಕೈಯಿಂದ ತಾನೇ ತಿನ್ನುವುದು ಎಲ್ಲ ಆಗ ಸುಲಭ. ಮೈ ಬಿಗಿದುಕೊಂಡಿರುವ ಹೊತ್ತಿನಲ್ಲಿ, ತೂಕಡಿಸುವಾಗ ಊಟ ಕೊಡಲೇಬೇಡಿ, ಒಂದು ಗಂಟೆ ತಡವಾದರೂ ಪರವಾಗಿಲ್ಲ. ಮಾತ್ರೆ ನೀರಿನಲ್ಲಿ ಹೋಗದಿದ್ದರೆ ಒಂದು ಚಮಚ ಗಟ್ಟಿ ಗಂಜಿಯ ನಡುವೆ ಇಟ್ಟು ಕೊಡಿ. ಹಾಲು, ಮೊಸರು ಬೇಡ. ಅದರಲ್ಲಿರುವ ಪ್ರೊಟೀನ್ ಲೆವೊಡೋಪಾ ಹೀರಿಕೊಳ್ಳಲು ಅಡ್ಡಿ ಮಾಡುತ್ತದೆ. ನಿಧಾನವಾಗಿ ಕರಗುವ ಸಿಆರ್ ಮಾತ್ರೆಗಳನ್ನು ಪುಡಿ ಮಾಡಬಾರದು. ನುಂಗಲು ಆಗುತ್ತಿಲ್ಲ ಅಂತ ಲೆವೊಡೋಪಾವನ್ನು ಏಕಾಏಕಿ ನಿಲ್ಲಿಸುವುದಂತೂ ಬೇಡವೇ ಬೇಡ. ಮೈ ಕಲ್ಲಿನಂತೆ ಬಿಗಿದು ಜ್ವರ ಏರಿ ಪ್ರಾಣಕ್ಕೇ ಬರಬಹುದು. ಡಾಕ್ಟರಿಗೆ ಫೋನ್ ಮಾಡಿ ಬೇರೆ ರೂಪ ಕೇಳಿ.

ಮುದ್ದೆಯ ಬಗ್ಗೆ ಹೇಳುವಾಗ ನನಗೂ ಕಷ್ಟವಾಗುತ್ತದೆ. ಹಾಸನ, ಮಂಡ್ಯ ಕಡೆಯ ಹಿರಿಯರಿಗೆ ಮುದ್ದೆ ಇಲ್ಲದಿದ್ದರೆ ಊಟ ಮಾಡಿದಂತೆಯೇ ಅಲ್ಲ. ಆದರೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಅಂಟು ಇರುವ, ಗಟ್ಟಿಯಾದ, ಗಂಟಲಿನ ಅಳತೆಗೆ ಸರಿಯಾಗಿ ಕೂರುವ ತುತ್ತು ಅದು. ನಿಧಾನವಾದ ಗಂಟಲಿಗೆ ಅದಕ್ಕಿಂತ ಅಪಾಯದ ತುತ್ತು ಇನ್ನೊಂದು ಸಿಗುವುದು ಕಷ್ಟ. ಹಾಗಂತ ರಾಗಿ ಬಿಡಬೇಕಿಲ್ಲ. ಮುದ್ದೆಯ ಅಂಟು ಬರದಂತೆ ಸಡಿಲವಾಗಿ, ಗಂಟಿಲ್ಲದೆ ಬೇಯಿಸಿ. ಬಸ್ಸಾರಿನ ಖಾರವನ್ನು ನುಣ್ಣಗೆ ರುಬ್ಬಿ, ಸೋಸಿ, ತುಪ್ಪ ಹಾಕಿ ಅದರೊಂದಿಗೆ ಕಲಸಿ ಚಮಚದಲ್ಲಿ ಕೊಡಿ. ಚಮಚ ವಾಲಿಸಿದರೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು, ಚಮಚಕ್ಕೆ ಅಂಟಿಕೊಂಡು ಉಳಿಯಬಾರದು. ಅಂಟಿದರೆ ಗಂಟಲಿಗೂ ಅಂಟುತ್ತದೆ.

ಉಳಿದ ಅಡುಗೆಯಲ್ಲೂ ನೋಡಬೇಕಾದದ್ದು ಒಂದೇ: ತುತ್ತು ಬಾಯಲ್ಲಿ ಒಟ್ಟಿಗೆ ಇರುತ್ತದೆಯೋ, ಚೆದುರುತ್ತದೆಯೋ. ತಿಳಿ ಸಾರನ್ನ ನೋಡಲು ಮೆತ್ತಗೆ. ಬಾಯಿಗೆ ಹೋದ ಮೇಲೆ ಸಾರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಒಂದೇ ಸಲಕ್ಕೆ ಎರಡು ಬಗೆಯದ್ದನ್ನು ಸಂಭಾಳಿಸುವುದು ಇವರಿಗೆ ಕಷ್ಟ. ಕಿತ್ತಳೆ, ಕಲ್ಲಂಗಡಿಯದ್ದೂ ಅದೇ ಕತೆ. ಮಂಡಕ್ಕಿ, ಚಕ್ಕುಲಿ, ಕಡಲೆಬೀಜ, ಒಣ ಅವಲಕ್ಕಿ ಪುಡಿಪುಡಿಯಾಗಿ ಚೆದುರುತ್ತವೆ. ಒಗ್ಗರಣೆಯನ್ನೂ ಮರೆಯಬೇಡಿ. ಅಡುಗೆಯೆಲ್ಲ ನುಣ್ಣಗೆ ಮಾಡಿ ಕೊನೆಗೆ ಮೇಲೆ ಸಾಸಿವೆ, ಕರಿಬೇವು ಸುರಿಯುತ್ತೇವೆ. ಆ ಒಂದು ಕರಿಬೇವಿನ ಎಲೆ ಗಂಟಲ ಗೋಡೆಗೆ ಅಂಟಿ ಗಂಟೆಗಟ್ಟಲೆ ಕೆಮ್ಮಿಸುತ್ತದೆ. ಒಗ್ಗರಣೆಯ ಘಮ ಬೇಕಾದರೆ ಎಣ್ಣೆಯನ್ನು ಸೋಸಿ ಹಾಕಿ. ಪೊಂಗಲ್, ಚೆನ್ನಾಗಿ ಮಸೆದ ಬಿಸಿಬೇಳೆಬಾತ್, ಮಸೆದ ಗಟ್ಟಿ ಮೊಸರನ್ನ, ಬೇಯಿಸಿ ಹಿಸುಕಿದ ಸಿಹಿಕುಂಬಳ, ಗಟ್ಟಿ ಸಾಂಬಾರಿನಲ್ಲಿ ನೆನೆಸಿ ಹಿಸುಕಿದ ಇಡ್ಲಿ, ಇವೆಲ್ಲ ಆಗಬಹುದು. ಬರೀ ಗಂಜಿಗೆ ಇಳಿಸಿದರೆ ಎರಡು ತಿಂಗಳಲ್ಲಿ ತೂಕ ಇಳಿಯುತ್ತದೆ, ಮೈಯ ಬಲದ ಜೊತೆ ಗಂಟಲಿನ ಬಲವೂ ಹೋಗುತ್ತದೆ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ.

ನೀರು, ಕಾಫಿಯನ್ನು ಸ್ವಲ್ಪ ಮಂದ ಮಾಡಿ ಕೊಡುವುದು ಒಂದು ದಾರಿ. ಎಷ್ಟು ಮಂದ ಅಂತ ಅಳೆಯಲು ಮನೆಯಲ್ಲೇ ಆಗುತ್ತದೆ. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ತನ್ನಿ. ಸೊನ್ನೆಯಿಂದ 10ರ ಗೆರೆವರೆಗಿನ ಉದ್ದ 61.5 ಮಿಲಿಮೀಟರ್ ಇರುವಂಥದ್ದು ಬೇಕು, ಸ್ಕೇಲ್ ಇಟ್ಟು ನೋಡಿ. ಒಳಗಿನ ಕಡ್ಡಿ ತೆಗೆದು, ತುದಿಯನ್ನು ಬೆರಳಿಂದ ಮುಚ್ಚಿ, ಕುಡಿಸಬೇಕಾದ ಕಾಫಿಯನ್ನೋ ಗಂಜಿಯನ್ನೋ 10ರ ಗೆರೆವರೆಗೆ ತುಂಬಿ. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಮುಚ್ಚಿ. ನೀರಾದರೆ ಎಲ್ಲ ಸುರಿದುಹೋಗಿರುತ್ತದೆ. 1ರಿಂದ 4 ಎಂಎಲ್ ಉಳಿದರೆ ತುಸು ಮಂದ. 4ರಿಂದ 8 ಉಳಿದರೆ ಇನ್ನೊಂದು ಹಂತ ಮಂದ. 8ಕ್ಕಿಂತ ಹೆಚ್ಚು ಉಳಿದರೆ ಸಾಕಷ್ಟು ಮಂದ. ಒಂದು ಹನಿಯೂ ಬೀಳದಿದ್ದರೆ ಅದು ಕುಡಿಯುವುದಲ್ಲ, ಚಮಚದಲ್ಲಿ ತಿನ್ನುವುದು. ಬೇರೆ ಬೇರೆ ದೇಶಗಳ ತಜ್ಞರು ಸೇರಿ ಮಾಡಿರುವ ಐಡಿಡಿಎಸ್‌ಐ ಅನ್ನುವ ಪಟ್ಟಿಯ ಅಳತೆ ಇದು. ಥೆರಪಿಸ್ಟ್ "ಇಷ್ಟು ಮಂದ ಸಾಕು" ಅಂದರೆ ನೀವು ದಿನಾ ಅಷ್ಟೇ ಮಾಡಬಹುದು. ಕುಡಿಯುವ ಬಿಸಿಯಲ್ಲೇ ಅಳೆಯಿರಿ, ರಾಗಿ ಗಂಜಿ ಆರಿದಂತೆ ಗಟ್ಟಿಯಾಗುತ್ತದೆ.

ಇನ್ನೊಂದು ಸೂಕ್ಷ್ಮ. ರಾಗಿ, ಅಕ್ಕಿ ಹಿಟ್ಟಿನ ಗಂಜಿಗೆ ಎಂಜಲು ಸೇರಿದರೆ ಅದು ನೀರಾಗುತ್ತದೆ, ಏಕೆಂದರೆ ಎಂಜಲು ಹಿಟ್ಟನ್ನು ಕರಗಿಸುತ್ತದೆ. ಬಾಯಿಗೆ ಹೋದ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಕೊನೆಯ ಅರ್ಧ ಬಟ್ಟಲು ತೆಳ್ಳಗಾಗಿರುತ್ತದೆ. ಊಟದ ಕೊನೆಗೇ ಯಾಕೆ ಕೆಮ್ಮು ಅಂತ ಕೇಳುವವರಿಗೆ ಕೆಲವೊಮ್ಮೆ ಇದೇ ಕಾರಣ. ಸ್ವಲ್ಪ ಸ್ವಲ್ಪವೇ ಚಿಕ್ಕ ಬಟ್ಟಲಿಗೆ ಬಡಿಸಿಕೊಳ್ಳಿ. ಕಾಫಿ, ನೀರಿಗೆ ಹಾಕಿ ಮಂದ ಮಾಡಲು ಥಿಕನರ್ ಪುಡಿ ಸಿಗುತ್ತದೆ. ಕ್ಸಾಂಥನ್ ಗಮ್ ಎಂಬ ಅಂಟಿನಿಂದ ಮಾಡಿದ್ದಾದರೆ ಎಂಜಲಿಗೆ ಕರಗುವುದಿಲ್ಲ.

ಆದರೆ ಮಂದ ಮಾಡಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇದ್ದ 711 ಜನರನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡಿದ ದೊಡ್ಡ ಅಧ್ಯಯನ 2008ರಲ್ಲಿ ಬಂತು. ಜೇನಿನಷ್ಟು ಗಟ್ಟಿ ಪಾನೀಯ ಕೊಟ್ಟಾಗ ಶ್ವಾಸನಾಳಕ್ಕೆ ಹೋಗುವುದು ಎಲ್ಲಕ್ಕಿಂತ ಕಡಿಮೆ ಇತ್ತು. ಆದರೆ ಅದೇ ತಂಡ 515 ಜನರನ್ನು ಮೂರು ತಿಂಗಳು ಹಿಂಬಾಲಿಸಿದಾಗ, ಗದ್ದ ತಗ್ಗಿಸಿ ತೆಳು ಪಾನೀಯ ಕುಡಿದವರಿಗೂ ಮಂದದ್ದು ಕುಡಿದವರಿಗೂ ನ್ಯುಮೋನಿಯಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಂದದ್ದು ಕುಡಿದವರಲ್ಲಿ ಮೈಯ ನೀರು ಕಡಿಮೆಯಾಗುವುದು ಹೆಚ್ಚಿತ್ತು. ರುಚಿ ಇಲ್ಲ ಅಂತ ಕುಡಿಯುವುದನ್ನೇ ಬಿಡುತ್ತಾರೆ, ಅದನ್ನು ನಾನೂ ದಿನಾ ನೋಡುತ್ತೇನೆ. ನೀರು ಕಡಿಮೆಯಾದರೆ ಮಲಬದ್ಧತೆ, ಗೊಂದಲ, ಮೂತ್ರದ ಸೋಂಕು. ಹಾಗಾಗಿ ಕೆಲಸ ಮಾಡುವ ಅತಿ ಕಡಿಮೆ ಮಂದವನ್ನೇ ಆರಿಸಬೇಕು. ಮೂತ್ರ ಕಡು ಹಳದಿಯಾದರೆ ಕುಡಿದದ್ದು ಸಾಲದು.

ಎಲ್ಲಕ್ಕಿಂತ ಕಡಿಮೆ ಖರ್ಚಿನ, ಆದರೆ ಯಾರೂ ಲಕ್ಷ್ಯ ಕೊಡದ ಕೆಲಸ ಬಾಯಿ ಚೊಕ್ಕಟ ಇಡುವುದು. ಒಂದು ಗುಟುಕು ನೀರು ತಪ್ಪು ದಾರಿಗೆ ಹೋದರೆ ಎಲ್ಲರಿಗೂ ನ್ಯುಮೋನಿಯಾ ಬರುವುದಿಲ್ಲ. ಆ ಗುಟುಕಿನ ಜೊತೆ ಬಾಯಿಯ ರೋಗಾಣುಗಳು ಹೋದಾಗ ಬರುವ ಸಾಧ್ಯತೆ ಜಾಸ್ತಿ. ಊಟವಾದ ಮೇಲೆ ಟಾರ್ಚ್ ಹಿಡಿದು ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿದೆಯಾ ನೋಡಿ, ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆಯಿರಿ. ಬೆಳಿಗ್ಗೆ, ರಾತ್ರಿ ಹಲ್ಲು, ನಾಲಿಗೆ ಉಜ್ಜಿಸಿ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ. ರಾತ್ರಿಯದ್ದನ್ನು ಮಾತ್ರ ತಪ್ಪಿಸಬೇಡಿ, ನಿದ್ದೆಯಲ್ಲಿ ಎಂಜಲು ಇಳಿಯುತ್ತಲೇ ಇರುತ್ತದೆ.

ಜೊಲ್ಲು ಸುರಿಯುವುದು ಎಂಜಲು ಜಾಸ್ತಿಯಾಗಿ ಅಲ್ಲ. ನಾವು ಗೊತ್ತಿಲ್ಲದೆಯೇ ದಿನಕ್ಕೆ ನೂರಾರು ಸಲ ಎಂಜಲು ನುಂಗುತ್ತೇವೆ. ಪಾರ್ಕಿನ್ಸನ್‌ನಲ್ಲಿ ಅದು ಕಡಿಮೆಯಾಗುತ್ತದೆ, ಬಾಯಲ್ಲಿ ನಿಂತದ್ದು ಹೊರಗೆ ಬರುತ್ತದೆ. ಹಗಲಲ್ಲಿ "ಒಮ್ಮೆ ನುಂಗಿ" ಅಂತ ಆಗಾಗ ನೆನಪಿಸಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಮಂಚದ ತಲೆಕಡೆಯನ್ನು ಎತ್ತರಿಸಿ, ಮಗ್ಗುಲಾಗಿ ಮಲಗಿಸಿ. ಜೊಲ್ಲು ಕಡಿಮೆ ಮಾಡುವ ಮಾತ್ರೆ, ಹನಿಗಳಿವೆ. ಆದರೆ ವಯಸ್ಸಾದವರಲ್ಲಿ ಅವು ಗೊಂದಲ, ಮೂತ್ರ ಕಟ್ಟುವುದು, ಅಂಟಂಟು ಕಫ ತರಬಹುದು. ನರರೋಗ ತಜ್ಞರು ಹೇಳದೆ ಕೊಡಬೇಡಿ. ಜೊಲ್ಲುಗ್ರಂಥಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಡುವುದೂ ಇದೆ. ಕೆಲವು ತಿಂಗಳು ಅನುಕೂಲವಾಗುತ್ತದೆ, ಆದರೆ ಅನುಭವ ಇರುವವರೇ ಕೊಡಬೇಕು.

ವ್ಯಾಯಾಮಕ್ಕೂ ಜಾಗವಿದೆ. ಸ್ಪ್ರಿಂಗ್ ಇರುವ ಚಿಕ್ಕ ಕೊಳವೆಗೆ ಜೋರಾಗಿ ಊದುವ ಒಂದು ತರಬೇತಿಯಿದೆ. ದಿನಕ್ಕೆ 25 ಸಲ, ವಾರಕ್ಕೆ 5 ದಿನ. 2010ರಲ್ಲಿ ಬಂದ ಅಧ್ಯಯನವೊಂದರಲ್ಲಿ ಪಾರ್ಕಿನ್ಸನ್ ಇದ್ದ 60 ಜನರಲ್ಲಿ ಅರ್ಧದಷ್ಟು ಜನ 4 ವಾರ ಹೀಗೆ ಊದಿದರು. ಸುಮ್ನೆ ಊದಿದವರಿಗಿಂತ ಇವರ ನುಂಗುವಿಕೆ ಸುರಕ್ಷಿತವಾಗಿತ್ತು. ಬಿಪಿ ಹಿಡಿತಕ್ಕೆ ಬರದವರಿಗೆ, ಹರ್ನಿಯಾ ಇರುವವರಿಗೆ ಇದು ಬೇಡ. ಥೆರಪಿಸ್ಟ್ ಬಲ ಹೊಂದಿಸಿ ಕೊಟ್ಟ ಮೇಲೆ ಮನೆಯಲ್ಲಿ ಮಾಡಬಹುದು.

ನಾದಿನಿಯವರ ಮಾತಿಗೆ ಬರುತ್ತೇನೆ. ಅವರದ್ದೂ ಅಪ್ಪನ ಮೇಲಿನ ಕಾಳಜಿಯೇ. ಪೈಪ್ ಹಾಕಿದರೆ ಇನ್ನು ಶ್ವಾಸಕೋಶಕ್ಕೆ ಏನೂ ಹೋಗುವುದಿಲ್ಲ ಅಂತ ತುಂಬಾ ಜನ ನಂಬುತ್ತಾರೆ. ಅದು ನಿಜವಲ್ಲ. ಎಂಜಲು ಆಗಲೂ ಇಳಿಯುತ್ತದೆ, ಹೊಟ್ಟೆಯಿಂದ ಊಟ ಮೇಲೆ ಬಂದು ಇಳಿಯುತ್ತದೆ. ಮೂಗಿನ ರೈಲ್ಸ್ ಟ್ಯೂಬ್ ಕೆಲವು ವಾರಗಳ ಮಟ್ಟಿಗೆ ಸರಿ. ನ್ಯುಮೋನಿಯಾ ಬಂದು ನಿತ್ರಾಣವಾದಾಗ, ಚೇತರಿಸಿಕೊಳ್ಳುವವರೆಗೆ ಊಟವನ್ನೂ ಮಾತ್ರೆಯನ್ನೂ ತಲುಪಿಸಲು ಅದು ನಿಜಕ್ಕೂ ಉಪಕಾರ. ಅದಕ್ಕೂ ಹೆಚ್ಚು ಕಾಲ ಬೇಕಾದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬಿನ ಮಾತು ಬರುತ್ತದೆ. ಗೊಂದಲವಿರುವವರು ಮೂಗಿನ ಪೈಪ್ ಕಿತ್ತುಕೊಳ್ಳುತ್ತಾರೆ, ಮನೆಯವರು ಕೈ ಕಟ್ಟಿಹಾಕುತ್ತಾರೆ. ಆ ಸ್ಥಿತಿ ನೋಡುವುದು ಕಷ್ಟ. ಎಲ್ಲ ಕಾಯಿಲೆಗೂ ಒಂದೇ ಉತ್ತರವಿಲ್ಲ. ಎಎಲ್‌ಎಸ್ ಎಂಬ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಉಸಿರಿನ ಬಲ ಇರುವಾಗಲೇ ಪೆಗ್ ಹಾಕಿಸಿ ಅಂತ ನಾವೇ ಹೇಳುತ್ತೇವೆ. ಮುಂದುವರಿದ ಮರೆವಿನ ಕಾಯಿಲೆಯಲ್ಲಿ ಟ್ಯೂಬಿನಿಂದ ಆಯುಸ್ಸು ಹೆಚ್ಚಿದ್ದಕ್ಕೆ ಆಧಾರವಿಲ್ಲ, ಕೈಯಿಂದ ಪ್ರೀತಿಯಿಂದ ತಿನ್ನಿಸುವುದೇ ಮೇಲು. ನಿಮ್ಮ ಮಾವ ಕೂರುತ್ತಾರೆ, ಮುದ್ದೆ ಬೇಕು ಎನ್ನುತ್ತಾರೆ, ಕೆಮ್ಮುತ್ತಾರೆ. ಬಾಯಿಂದ ತಿನ್ನುವ ದಾರಿಗಳನ್ನು ಸರಿಯಾಗಿ ಮಾಡಿ ನೋಡಿದ ಮೇಲೂ ತೂಕ ಇಳಿದರೆ, ಪದೇ ಪದೇ ನ್ಯುಮೋನಿಯಾ ಬಂದರೆ, ಆಗ ಪೈಪಿನ ಮಾತು.

ಆ ಮಾತನ್ನು ಅವರಿಗೆ ಮಾತು ಬರುವಾಗಲೇ ಅವರೊಂದಿಗೆ ಆಡಿ. ಗಂಡ, ನಾದಿನಿ, ಅತ್ತೆ, ನೀವು, ಎಲ್ಲರ ಅಭಿಪ್ರಾಯ ಪತ್ರದಲ್ಲಿದೆ. ಮಾವನವರನ್ನು ಯಾರಾದರೂ ಕೇಳಿದ್ದೀರಾ? ಸ್ವಲ್ಪ ಅಪಾಯ ಇದ್ದರೂ ಬಾಯಿಂದಲೇ ತಿನ್ನುತ್ತೇನೆ ಅಂತ ತಿಳಿದು ಹೇಳುವ ಹಕ್ಕು ಅವರಿಗಿದೆ. ಅದನ್ನು ಡಾಕ್ಟರಿಗೂ ಹೇಳಿಸಿ, ಕಾಗದದಲ್ಲಿ ಬರೆದಿಡಿ. ಹಾಗೆ ತೀರ್ಮಾನಿಸಿದ ಮೇಲೆ ನಾಳೆ ಏನಾದರೂ ಆದರೆ ಅದರ ಹೊಣೆ ತಿನ್ನಿಸಿದವಳ ಮೇಲೆ ಬರಬಾರದು. ಇದನ್ನು ನಿಮ್ಮ ಯಜಮಾನರು ಮನೆಯಲ್ಲಿ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ದಿನದಲ್ಲಿ ಒಂದು ಊಟವನ್ನಾದರೂ ಅವರೇ ತಿನ್ನಿಸಲಿ.

ಪರೀಕ್ಷೆಗೆ ನಿಮಗೆ ಹತ್ತಿರವಾಗುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರರೋಗ ತಜ್ಞರು, ಸ್ಪೀಚ್ ಥೆರಪಿಸ್ಟ್ ಇಬ್ಬರೂ ಸಿಗುತ್ತಾರೆ. ಹೋಗುವ ಮೊದಲು ಫೋನ್ ಮಾಡಿ, ನುಂಗುವ ಪರೀಕ್ಷೆ ಯಾವ ದಿನ ಅಂತ ಕೇಳಿಕೊಳ್ಳಿ. ಒಂದು ಪರೀಕ್ಷೆಯಲ್ಲಿ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡುತ್ತಾರೆ. ಇನ್ನೊಂದರಲ್ಲಿ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಕಲಸಿದ ಊಟ ಕೊಟ್ಟು ಎಕ್ಸ್‌ರೇ ವಿಡಿಯೋ ತೆಗೆಯುತ್ತಾರೆ. ಹೋಗುವಾಗ ಮನೆಯ ಒಂದು ಪೂರ್ತಿ ಊಟದ ವಿಡಿಯೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಎಲ್ಲರೂ ಎಚ್ಚರಿಕೆಯಿಂದ ನುಂಗುತ್ತಾರೆ, ಮನೆಯಲ್ಲಿ ಹೇಗೆ ಅನ್ನುವುದು ನಮಗೆ ಬೇಕು. ಬಿಪಿಯದ್ದೂ ಸೇರಿ ಎಲ್ಲ ಮಾತ್ರೆಗಳ ಹೆಸರು, ಕೊಡುವ ಹೊತ್ತು, ಕಳೆದ ಆರು ತಿಂಗಳ ತೂಕ, ಹಳೆಯ ಎದೆಯ ಎಕ್ಸ್‌ರೇ ಇದ್ದರೆ ಅದು, ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಅವರು ತಿನ್ನುವ ರಾಗಿಯನ್ನೂ, ಕುಡಿಯುವ ಕಾಫಿಯನ್ನೂ ಡಬ್ಬಿಯಲ್ಲಿ ಒಯ್ಯಿರಿ. ಅದರಲ್ಲೇ ಪರೀಕ್ಷೆ ಮಾಡಿ ನೋಡಿ ಅಂತ ಕೇಳಿ, ಎಷ್ಟು ಮಂದದ ಕಾಫಿ ಕೊಡಬಹುದು ಅಂತ ಅಲ್ಲೇ ಬರೆಸಿಕೊಂಡು ಬನ್ನಿ.